14 ಕುರ್ಚಿ, 4 ಪ್ರತಿ: ಒಂದು ಟೀನ್ ಬುಕ್ ಕ್ಲಬ್ಬಿನ ಪ್ರಕರಣ

ನಾಲ್ಕನೇ ತಿಂಗಳ ಕೊನೆಯ ಶನಿವಾರ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸುತ್ತಲೂ 14 ಕುರ್ಚಿ ಹಾಕಿ ಕಾಯುತ್ತಾ ಕೂತಿದ್ದೆ. ನಾಲ್ಕು ಗಂಟೆಗೆ ಇಬ್ಬರು ಬಂದರು. ನಾಲ್ಕೂಕಾಲಿಗೆ ಇನ್ನೊಬ್ಬಳು. ಆಮೇಲೆ ಬಂದ ಹುಡುಗ ಬಾಗಿಲಲ್ಲೇ ನಿಂತು, "ಮೇಡಂ, ಇಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆಯಾ?" ಅಂತ ಕೇಳಿದ. ಇದೆ ಅಂದೆ. ಒಳಗೆ ಬಂದು ಗೋಡೆ ಪಕ್ಕ ಕೂತ. ಅವನನ್ನೂ ಹಾಜರಿಗೆ ಸೇರಿಸಿ ಆ ದಿನದ ಲೆಕ್ಕ 4 ಅಂತ ಬರೆದೆ.

ಮೊದಲ ಸಭೆಗೆ 14 ಮಕ್ಕಳು ಬಂದಿದ್ದರು. ಎರಡನೆಯದಕ್ಕೆ 11, ಮೂರನೆಯದಕ್ಕೆ 7. ಹೀಗೆ ಯಾಕಾಯಿತು ಅನ್ನುವುದನ್ನು ನಾನು ಮೂರು ತಿಂಗಳು ತಪ್ಪಾಗಿಯೇ ತಿಳಿದುಕೊಂಡಿದ್ದೆ. ಆ ತಪ್ಪನ್ನೇ ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು. ಬುಕ್ ಕ್ಲಬ್ ನಡೆಸುವ ಬೇರೆಯವರೂ ಇದೇ ಗುಂಡಿಗೆ ಬಿದ್ದಿರಬಹುದು, ಅಲ್ವಾ?

ಶುರುವಾಗಿದ್ದು ಹೀಗೆ

ನಮ್ಮ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಗಿಡ್ಡ ಮೇಜು, ಬಣ್ಣದ ಚಾಪೆ ಇದೆ. ದೊಡ್ಡವರಿಗೆ ಪತ್ರಿಕೆಗಳ ಜಾಗ ಇದೆ. 13ರಿಂದ 17 ವರ್ಷದವರಿಗೆ ಮಾತ್ರ ಏನೂ ಇರಲಿಲ್ಲ. ಗಿಡ್ಡ ಮೇಜಿನ ಹತ್ತಿರ ಕೂತರೆ ಮೊಣಕಾಲು ತಾಗುತ್ತೆ. ದೊಡ್ಡವರ ಪಕ್ಕ ಕೂತು ನಕ್ಕರೆ ಬೈಸಿಕೊಳ್ಳಬೇಕು. ಇದು ನಮ್ಮೊಬ್ಬರ ಕಥೆಯಲ್ಲ. ಸಾರ್ವಜನಿಕ ಗ್ರಂಥಾಲಯಗಳು ಈ ವಯಸ್ಸಿನವರನ್ನು ಬೇರೆಯದೇ ಓದುಗರು ಅಂತ ನೋಡಲು ಶುರು ಮಾಡಿದ್ದೇ ತಡವಾಗಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಮೇಬಲ್ ವಿಲಿಯಮ್ಸ್ ಇವರಿಗಾಗಿಯೇ ಪುಸ್ತಕಗಳ ಪಟ್ಟಿ ಹೊರತಂದಿದ್ದು 1929ರಲ್ಲಿ. ಅಮೆರಿಕದ್ದೇ ಬಾಲ್ಟಿಮೋರ್ ನಗರದ ಗ್ರಂಥಪಾಲಕಿ ಮಾರ್ಗರೆಟ್ ಎಡ್ವರ್ಡ್ಸ್ 1940ರ ದಶಕದ ಆರಂಭದಲ್ಲಿ ಕುದುರೆ ಗಾಡಿಗೆ ಪುಸ್ತಕ ತುಂಬಿಕೊಂಡು ಬೀದಿ ಬೀದಿ ಸುತ್ತಿದರು. ನಮ್ಮ ಹತ್ತಿರ ಕುದುರೆ ಇರಲಿಲ್ಲ. ಹಳೇ ಪತ್ರಿಕೆಗಳ ಕಟ್ಟು ಇಡುತ್ತಿದ್ದ ಒಂದು ಕೋಣೆ ಇತ್ತು. ಅದನ್ನೇ ಖಾಲಿ ಮಾಡಿಸಿದೆವು.

ಕೋಣೆಯ ಗೋಡೆಗೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳ ಪೋಸ್ಟರ್ ಅಂಟಿಸಿದೆ. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಹೀಗೆ ಸಾಗುತ್ತವೆ ಅವು. ಚೆನ್ನಾಗಿ ಕಾಣಲಿ ಅಂತ ಅಂಟಿಸಿದ್ದು. ಆ ಪೋಸ್ಟರಿನ ಕೆಳಗೇ ಕೂತು ಅದರ ಎರಡನೇ ಸೂತ್ರಕ್ಕೆ ಉಲ್ಟಾ ಕೆಲಸ ಮಾಡುತ್ತಿದ್ದೇನೆ ಅಂತ ಆಗ ಹೊಳೆಯಲಿಲ್ಲ.

ನಿಯಮ ಸರಳವಾಗಿತ್ತು. ನಾಲ್ಕು ವಾರಕ್ಕೊಂದು ಸಭೆ, ಒಂದೂವರೆ ಗಂಟೆ. ನಾನೊಂದು ಕಾದಂಬರಿ ಆರಿಸುತ್ತೇನೆ, ಎಲ್ಲರೂ ಅದನ್ನೇ ಓದಿಕೊಂಡು ಬರುತ್ತಾರೆ, ಚರ್ಚೆ ಮಾಡುತ್ತೇವೆ. ಬುಕ್ ಕ್ಲಬ್ ಅಂದರೆ ಇದೇ ಅಲ್ವಾ ಅಂದುಕೊಂಡಿದ್ದೆ. ಮೊದಲ ಸಭೆಯಲ್ಲಿ ಪುಸ್ತಕ ಪರಿಚಯ ಮಾಡಿದೆ. ನಮ್ಮಲ್ಲಿ ಅದರ 4 ಪ್ರತಿ ಇತ್ತು. ಮುಂದೆ ಬಂದ ನಾಲ್ವರು ಅಲ್ಲೇ ತೆಗೆದುಕೊಂಡರು. ಉಳಿದವರಿಗೆ, "ವಾಪಸ್ ಬರ್ತಾ ಇರುತ್ತೆ, ಕೌಂಟರಿನಲ್ಲಿ ಕೇಳ್ತಾ ಇರಿ" ಅಂದೆ. ಈಗ ನೆನೆಸಿಕೊಂಡರೆ ಆ ಒಂದು ಮಾತಿನಲ್ಲೇ ಇಡೀ ಪ್ರಕರಣ ಇದೆ.

ನಾನು ಹುಡುಕಿಕೊಂಡ ಕಾರಣಗಳು

ಹಾಜರಿ ಇಳಿಯುತ್ತಿದ್ದಂತೆ ಕಾರಣಗಳು ತಾವಾಗಿಯೇ ಬಾಯಿಗೆ ಬಂದವು. ಮೊದಲನೆಯದು ಮೊಬೈಲು. ಇದನ್ನು ಹೇಳಿಬಿಟ್ಟರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಅಷ್ಟು ಸಲೀಸು. ಎರಡನೆಯದು ಪರೀಕ್ಷೆ. ಮೂರನೆಯದು, ಈಗಿನ ಮಕ್ಕಳಿಗೆ ದಪ್ಪ ಪುಸ್ತಕ ಓದುವ ತಾಳ್ಮೆ ಇಲ್ಲ ಅನ್ನುವುದು. ಮೂರನ್ನೂ ತಿಂಗಳ ವರದಿಯಲ್ಲಿ ಬರೆದೆ. ಮೂರೂ ಮಕ್ಕಳ ಮೇಲೆಯೇ ಹೊರಿಸಿದ ತಪ್ಪುಗಳು ಅನ್ನುವುದನ್ನು ಗಮನಿಸಿ.

ಮೂರನೇ ಸಭೆಗೆ ಕ್ವಿಜ್ ಇಟ್ಟೆ. ಮಜಾ ಇರಲಿ ಅಂತ. ಅದು ನಾನು ಮಾಡಿದ ಅತಿ ಕೆಟ್ಟ ಕೆಲಸ. "ನಾಯಕಿಯ ತಮ್ಮ ಯಾವ ಊರಿಗೆ ಹೋಗುತ್ತಾನೆ?" ಅಂತ ಕೇಳಿದೆ. ಕೈ ಎತ್ತಿದವರು ಇಬ್ಬರು. ಎಲ್ಲ ಪ್ರಶ್ನೆಗೂ ಅದೇ ಇಬ್ಬರು. ಉಳಿದ ಐದು ಮಂದಿ ಕುರ್ಚಿಯ ಕೈಯನ್ನು, ಚಪ್ಪಲಿಯ ತುದಿಯನ್ನು ನೋಡುತ್ತಾ ಕೂತರು. ಆ ತಲೆ ತಗ್ಗಿಸಿದ ಭಂಗಿ ನನಗೆ ಚೆನ್ನಾಗಿ ಗೊತ್ತು. ಹೋಮ್‌ವರ್ಕ್ ಮಾಡದ ದಿನ ನಾನೂ ಹಾಗೇ ಕೂರುತ್ತಿದ್ದೆ.

ಆ ದಿನ ಕೌಂಟರಿನ ಸಹೋದ್ಯೋಗಿ ಕೆಲಸ ಮುಗಿಸಿ ಹಿಂದೆ ನಿಂತು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಮೇಡಂ, ಪ್ರಶ್ನೆನೂ ನೀವೇ ಕೇಳ್ತೀರಿ, ಉತ್ತರನೂ ನೀವೇ ಹೇಳ್ತೀರಿ. ಮಧ್ಯೆ ಅವರಿಗೆ ಉಸಿರಾಡೋಕೂ ಬಿಡಲ್ಲ." ಸ್ವಲ್ಪ ಚುಚ್ಚಿತು. ಆದರೆ ನಿಜ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಕಾದರೂ ಸಾಕು, ಉತ್ತರ ಉದ್ದವಾಗುತ್ತೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ನಾಲ್ಕನೇ ಸಭೆಯಲ್ಲಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿದೆ. ಮೌನ ಉದ್ದವಾಯಿತು, ಅಷ್ಟೇ. ಪುಸ್ತಕವನ್ನೇ ಓದದವರ ಮುಂದೆ ಮೂವತ್ತು ಸೆಕೆಂಡು ಕಾದರೂ ಏನು ಬಂದೀತು?

ತಾರೀಖು ಚೀಟಿ

ಅದರ ಮಾರನೇ ಸೋಮವಾರ ವಾಪಸ್ ಬಂದ ಪುಸ್ತಕಗಳನ್ನು ರ‍್ಯಾಕಿಗೆ ಜೋಡಿಸುತ್ತಿದ್ದೆ. ಕ್ಲಬ್ಬಿನ ಮೊದಲ ಕಾದಂಬರಿಯ ನಾಲ್ಕೂ ಪ್ರತಿಗಳು ಅಪರೂಪಕ್ಕೆ ಒಟ್ಟಿಗೆ ಕೈಗೆ ಬಂದವು. ಒಂದರ ಕೊನೆಯ ಪುಟ ಬಿಚ್ಚಿಕೊಂಡಿತ್ತು. ಅಲ್ಲಿ ತಾರೀಖು ಚೀಟಿ ಇರುತ್ತಲ್ಲ, ಹಿಂದಿರುಗಿಸುವ ದಿನದ ಸೀಲು ಹಾಕುವುದು, ಅದರ ಮೇಲೆ ಕಣ್ಣು ಬಿತ್ತು. ಮೊದಲ ಸಭೆಗೂ ಎರಡನೇ ಸಭೆಗೂ ನಡುವಿನ ನಾಲ್ಕು ವಾರದಲ್ಲಿ ಎರಡು ಸೀಲು. ನೇರಳೆ ಶಾಯಿ, ಒಂದು ಸ್ವಲ್ಪ ಓರೆ. ಇನ್ನೊಂದು ಪ್ರತಿ ತೆಗೆದು ನೋಡಿದೆ. ಅದರಲ್ಲೂ ಎರಡು. ಮೂರನೆಯದರಲ್ಲಿ ಒಂದು. ನಾಲ್ಕನೆಯದರಲ್ಲೂ ಒಂದೇ.

ಒಟ್ಟು ಆರು. 14 ಮಕ್ಕಳಿಗೆ ಆರು ಸೀಲು.

ಟ್ರಾಲಿಯ ಪಕ್ಕ ನೆಲದ ಮೇಲೇ ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿ ಒಂದು ಪುಸ್ತಕವನ್ನು 14 ದಿನ ಇಟ್ಟುಕೊಳ್ಳಬಹುದು. ಸಭೆಗಳ ನಡುವೆ 28 ದಿನ. ಅಂದರೆ ಒಂದು ಪ್ರತಿ ಹೆಚ್ಚೆಂದರೆ ಇಬ್ಬರ ಕೈಗೆ ಹೋಗುತ್ತೆ. ನಾಲ್ಕು ಪ್ರತಿಗೆ ಎಂಟು ಜನ. ಎಲ್ಲರೂ ಗಡಿಯಾರದ ಹಾಗೆ ಸರಿಯಾಗಿ ತಂದುಕೊಟ್ಟರೆ ಎಂಟು. ಒಬ್ಬ ಎರಡು ದಿನ ತಡ ಮಾಡಿದರೆ ಮುಂದಿನವನಿಗೆ ಎರಡು ದಿನ ಕಡಿಮೆ. ಒಬ್ಬಳು ರಿನ್ಯೂ ಮಾಡಿಸಿಕೊಂಡರೆ ಆ ಪ್ರತಿಯ ಕಥೆ ಅಲ್ಲಿಗೇ ಮುಗಿಯಿತು. ಇದರ ಮೇಲೆ ಇನ್ನೊಂದು ಎಡವಟ್ಟು. ಕ್ಲಬ್ಬಿನ ಪ್ರತಿಗಳನ್ನು ನಾನು ಬೇರೆ ತೆಗೆದಿಟ್ಟಿರಲೇ ಇಲ್ಲ. ಅವು ಹೊಸ ಪುಸ್ತಕಗಳ ರ‍್ಯಾಕಿನಲ್ಲೇ ಇದ್ದವು. ಯಾರು ಬೇಕಾದರೂ ಒಯ್ಯಬಹುದಿತ್ತು. ಆ ಆರು ಸೀಲುಗಳಲ್ಲಿ ಕ್ಲಬ್ಬಿನ ಮಕ್ಕಳದ್ದು ಎಷ್ಟು ಅಂತ ಚೀಟಿ ಹೇಳುವುದಿಲ್ಲ.

ಕಂಪ್ಯೂಟರಿನಲ್ಲಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಯಾರು ಯಾವಾಗ ಒಯ್ದರು ಎಲ್ಲ ಗೊತ್ತಾಗುತ್ತಿತ್ತು. ಕೀಬೋರ್ಡಿನ ತನಕ ಹೋಗಿ ಸುಮ್ಮನಾದೆ. ಓದುಗ ಏನು ಒಯ್ದ ಅನ್ನುವುದು ಅವನ ಸ್ವಂತ ವಿಷಯ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1939ರ ತನ್ನ ನೀತಿ ಸಂಹಿತೆಯಲ್ಲೇ ಓದುಗರ ಮಾಹಿತಿಯನ್ನು ಗುಟ್ಟಾಗಿಡಬೇಕು ಅಂತ ಬರೆದುಕೊಂಡಿತ್ತು. ಕೆಲವು ವಾರದ ಹಿಂದೆ ಒಬ್ಬ ತಂದೆ ಬಂದು ಮಗನ ಪುಸ್ತಕಗಳ ಪಟ್ಟಿ ಕೊಡಿ ಅಂದಾಗ, "ಅವನನ್ನೇ ಕೇಳಿ ಸರ್, ಖುಷಿಯಿಂದ ಹೇಳ್ತಾನೆ" ಅಂತ ಕಳಿಸಿದ್ದವಳು ನಾನೇ. ಈಗ ನನ್ನ ಕ್ಲಬ್ಬಿನ ಸಮಸ್ಯೆಗೆ ಅಂತ ಆ ಬಾಗಿಲು ತೆಗೆಯುವುದು ಸರಿ ಕಾಣಲಿಲ್ಲ. ಸೀಲು ಎಣಿಸುವುದು ಬೇರೆ, ಹೆಸರು ನೋಡುವುದು ಬೇರೆ. ಹಾಗಾಗಿ ಮಕ್ಕಳನ್ನೇ ಕೇಳಿದೆ.

ಮೊದಲು ಸಿಕ್ಕವಳು ಎರಡನೇ ಸಭೆಯ ನಂತರ ಬರುವುದನ್ನೇ ಬಿಟ್ಟಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ. ಬೇರೆ ಪುಸ್ತಕ ವಾಪಸ್ ಕೊಡಲು ಬಂದಿದ್ದಳು.

"ಯಾಕಮ್ಮಾ, ಕ್ಲಬ್ಬಿಗೆ ಬರ್ತಾನೇ ಇಲ್ಲ?"

"ಓದಿಲ್ಲ ಮೇಡಂ."

"ಪುಸ್ತಕ ಸಿಗಲಿಲ್ವಾ?"

"ಸಿಕ್ತು. ಮೀಟಿಂಗಿಗೆ ಮೂರು ದಿನ ಇರುವಾಗ. 40 ಪುಟ ಓದಿದೆ. ಆಮೇಲೆ ಓದದೆ ಹೇಗೆ ಬರೋದು ಅಂತ..."

ಅವಳು ಕೌಂಟರಿನ ಮೇಲೆ ಇಟ್ಟಿದ್ದು ಮೂರು ಪುಸ್ತಕ. ಮೂರನ್ನೂ ಹದಿನೈದು ದಿನದ ಹಿಂದೆ ಒಯ್ದಿದ್ದಳು, ಮೂರನ್ನೂ ಮುಗಿಸಿದ್ದಳು. ಒಂದು ಸುಮಾರು 400 ಪುಟದ್ದು. ದಪ್ಪ ಪುಸ್ತಕ ಓದುವ ತಾಳ್ಮೆ ಇಲ್ಲ ಅಂತ ವರದಿಯಲ್ಲಿ ಬರೆದಿದ್ದೆನಲ್ಲ, ಅದು ಈ ಹುಡುಗಿಯ ಬಗ್ಗೆಯೂ ಬರೆದಂತೆ.

ಇನ್ನೂ ಐದು ಮಕ್ಕಳನ್ನು ಕೇಳಿದೆ. ಒಬ್ಬನಿಗೆ ನಿಜಕ್ಕೂ ಶನಿವಾರ ಬೇರೆ ಕ್ಲಾಸಿತ್ತು. ಒಬ್ಬಳು, "ಬೋರು ಮೇಡಂ" ಅಂದಳು, ಮುಚ್ಚುಮರೆ ಇಲ್ಲದೆ. ಮಿಕ್ಕ ಮೂವರದ್ದು ಒಂದೇ ಉತ್ತರ: ಪುಸ್ತಕ ಸಿಗಲಿಲ್ಲ, ಅಥವಾ ತಡವಾಗಿ ಸಿಕ್ತು, ಓದದೆ ಬರಲು ನಾಚಿಕೆ ಆಯ್ತು. "ಪುಸ್ತಕ ಸಿಕ್ತಿಲ್ಲ" ಅಂತ ಒಬ್ಬರೂ ಬಂದು ಹೇಳಿರಲಿಲ್ಲ. ಈ ವಯಸ್ಸಿನವರು ಹಾಗೇ. ದೂರು ಹೇಳಲ್ಲ, ಬರೋದು ಬಿಡ್ತಾರೆ.

ಏನೇನು ಯೋಚಿಸಿದೆವು

ಮೊದಲು ಹೊಳೆದದ್ದು ಪ್ರತಿ ಜಾಸ್ತಿ ಕೊಳ್ಳುವುದು. 14 ಮಕ್ಕಳಿಗೆ 14 ಪ್ರತಿ. ಒಂದು ತಿಂಗಳಿಗೆ ಸರಿ. ಮುಂದಿನ ತಿಂಗಳು ಇನ್ನೊಂದು ಪುಸ್ತಕದ 14. ವರ್ಷದ ಕೊನೆಗೆ ಹನ್ನೆರಡು ಪುಸ್ತಕಗಳ ನೂರಾರು ಪ್ರತಿ ರ‍್ಯಾಕಿನಲ್ಲಿ ಧೂಳು ತಿನ್ನುತ್ತವೆ. ಆ ಹಣಕ್ಕೆ ಅಷ್ಟೇ ಸಂಖ್ಯೆಯ ಬೇರೆ ಬೇರೆ ಪುಸ್ತಕ ಬರುತ್ತೆ. ಜೆರಾಕ್ಸ್ ಮಾಡೋಣ ಅಂತ ಯಾರೋ ಅಂದರು. ಇಡೀ ಕಾದಂಬರಿಯ ಜೆರಾಕ್ಸ್ ಅಂದರೆ ಹಕ್ಕುಸ್ವಾಮ್ಯದ ಉಲ್ಲಂಘನೆ. ಅದೂ ಲೈಬ್ರರಿಯಲ್ಲಿ ಕೂತು!

ಇ-ಬುಕ್ ಬಗ್ಗೆ ನನಗೆ ಆಸೆ ಇತ್ತು. ಫೈಲಿಗೆ ಪ್ರತಿಯ ಲೆಕ್ಕ ಯಾಕೆ ಅಂದುಕೊಂಡಿದ್ದೆ. ಆದರೆ ಗ್ರಂಥಾಲಯಗಳಿಗೆ ಇ-ಬುಕ್ ಕೊಡುವ ಲೈಸೆನ್ಸುಗಳಲ್ಲಿ ಬಹಳಷ್ಟು ಒಂದು ಪ್ರತಿಗೆ ಒಂದು ಸಲಕ್ಕೆ ಒಬ್ಬನೇ ಓದುಗ ಅನ್ನುವ ಲೆಕ್ಕದವು. ಇಲ್ಲದ ಕಾಗದಕ್ಕೂ ಕ್ಯೂ ನಿಲ್ಲಬೇಕು. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೇ ಕೃತಿಗಳಿಗೆ ಈ ಕಾಟ ಇಲ್ಲ. ಆದರೆ ಎಲ್ಲ ತಿಂಗಳೂ ಅಂಥದ್ದೇ ಕೊಟ್ಟರೆ ಮಕ್ಕಳು ಪಠ್ಯಪುಸ್ತಕದ ವಾಸನೆ ಹಿಡಿದುಬಿಡುತ್ತಾರೆ. ಸಭೆಯನ್ನು ಎರಡು ತಿಂಗಳಿಗೊಮ್ಮೆ ಮಾಡುವ ಮಾತೂ ಬಂತು. ಆ ವಯಸ್ಸಿಗೆ ಎರಡು ತಿಂಗಳು ಅಂದರೆ ಒಂದು ಯುಗ. ಬಿಟ್ಟೆವು.

ಈ ಹುಡುಕಾಟದಲ್ಲಿ ನ್ಯಾನ್ಸಿ ಪರ್ಲ್ ಅವರ ನೆನಪಾಯಿತು. ಅಮೆರಿಕದ ಸಿಯಾಟಲಿನ ಗ್ರಂಥಪಾಲಕಿ. ಇಡೀ ನಗರ ಒಂದೇ ಪುಸ್ತಕ ಓದಬೇಕು ಅನ್ನುವ ಕಾರ್ಯಕ್ರಮವನ್ನು 1998ರಲ್ಲಿ ಶುರು ಮಾಡಿದವರು. ಆಮೇಲೆ ಎಷ್ಟೋ ಊರುಗಳು ಅದನ್ನು ಅನುಸರಿಸಿದವು. ನನ್ನ ಕ್ಲಬ್ಬಿನ ಕಲ್ಪನೆಯೂ ಅದರದ್ದೇ ಮರಿ. ಆದರೆ ಒಂದು ನಗರಕ್ಕೆ ಒಂದೇ ಪುಸ್ತಕ ಓದಿಸಬೇಕಾದರೆ ಮೊದಲು ಅಷ್ಟು ಪ್ರತಿ ಹೊಂದಿಸಬೇಕು. ಆ ಭಾಗವನ್ನು ನಾನು ಬಿಟ್ಟು ಉಳಿದದ್ದನ್ನು ಮಾತ್ರ ಕಾಪಿ ಹೊಡೆದಿದ್ದೆ. ತಮಾಷೆ ಏನೆಂದರೆ ಇದೇ ಪರ್ಲ್ ಅವರದ್ದು ಇನ್ನೊಂದು ಪ್ರಸಿದ್ಧ ಸೂತ್ರ ಇದೆ. 50 ಪುಟ ಓದಿ, ಹಿಡಿಸದಿದ್ದರೆ ಬಿಟ್ಟುಬಿಡಿ. ವಯಸ್ಸು 50 ದಾಟಿದ್ದರೆ 100ರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಎಲ್ಲರೂ ಒಂದೇ ಪುಸ್ತಕ ಓದಿ ಅಂದವರೇ, ಬೇಡವಾದರೆ ಬಿಡಿ ಅಂತಲೂ ಹೇಳಿದ್ದಾರೆ. ನಾನು ಎರಡನೆಯದನ್ನು ಮಕ್ಕಳಿಗೆ ಹೇಳಿರಲೇ ಇಲ್ಲ.

ಐದನೇ ಸಭೆ

ಎರಡು ಬದಲಾವಣೆ ಮಾಡಿದೆವು. ಮೊದಲನೆಯದು, ಮನೆಯಿಂದ ಓದಿಕೊಂಡು ಬರಬೇಕಾದ ಪುಸ್ತಕವೇ ಇಲ್ಲ. ಯಾವುದನ್ನು ಓದುತ್ತಿದ್ದೀರೋ ಅದನ್ನು ತನ್ನಿ. ಅರ್ಧ ಓದಿದ್ದು, ಕೈಬಿಟ್ಟದ್ದು, ಚಿತ್ರಕಥೆ, ಏನಾದರೂ ಸರಿ. ಬಿಟ್ಟ ಪುಸ್ತಕವನ್ನು ಯಾಕೆ ಬಿಟ್ಟಿರಿ ಅಂತ ಹೇಳಿದರೂ ಸಾಕು. ಎರಡನೆಯದು, ಸಭೆಯ ಮೊದಲ ಇಪ್ಪತ್ತು ನಿಮಿಷ ಒಂದು ಸಣ್ಣ ಕಥೆಯನ್ನು ಅಲ್ಲೇ ಗಟ್ಟಿಯಾಗಿ ಓದುವುದು. ಏಳೆಂಟು ಪುಟದ್ದು. ಓದು ಮುಗಿದಾಗ ಕೋಣೆಯಲ್ಲಿರುವ ಎಲ್ಲರೂ ಅದನ್ನು ಓದಿದವರೇ. ಓದದೆ ಬಂದವರು ಅನ್ನುವ ಜಾತಿಯೇ ಉಳಿಯುವುದಿಲ್ಲ.

ಆರು ಜನ ಬಂದರು. ನಾನು ಕಥೆ ಓದಿದೆ. ಒಬ್ಬ ಮುದುಕನಿಗೆ ದೂರದಲ್ಲಿರುವ ಮಗನಿಂದ ಪತ್ರ ಬರುತ್ತೆ. ಅವನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ, ಕೊನೆಯವರೆಗೂ ಬಿಚ್ಚುವುದೇ ಇಲ್ಲ. ಕಥೆ ಅಷ್ಟೇ.

"ಸಂದೇಶ ಏನು" ಅಂತ ಕೇಳುವ ಚಟವನ್ನು ಆ ದಿನ ಕಷ್ಟಪಟ್ಟು ತಡೆದುಕೊಂಡೆ. ಬ್ರಿಟನ್ನಿನ ಮಕ್ಕಳ ಲೇಖಕ ಏಡನ್ ಚೇಂಬರ್ಸ್ ಮಕ್ಕಳ ಜೊತೆ ಪುಸ್ತಕದ ಮಾತು ಶುರು ಮಾಡಲು ನಾಲ್ಕು ಪ್ರಶ್ನೆ ಸಾಕು ಅಂದಿದ್ದಾರೆ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಏನು ಅರ್ಥವಾಗದೆ ಕಾಡಿತು, ಎಲ್ಲಾದರೂ ಏನಾದರೂ ಮತ್ತೆ ಮತ್ತೆ ಬಂದ ಹಾಗೆ ಅನ್ನಿಸಿತಾ. ನಾನು ಮೂರನೆಯದನ್ನು ಕೇಳಿ ಬಾಯಿ ಮುಚ್ಚಿಕೊಂಡೆ. ಒಂದು, ಎರಡು, ಮೂರು.

"ಅವನಿಗೆ ಮಗನ ಮೇಲೆ ಕೋಪ ಇದೆ" ಅಂದಳು ಒಬ್ಬಳು. "ಕೋಪ ಇದ್ರೆ ಹರಿದು ಹಾಕ್ತಿದ್ದ, ದಿಂಬಿನ ಕೆಳಗೆ ಯಾಕೆ ಇಟ್ಕೋತಾನೆ?" ಅಂದ ಇನ್ನೊಬ್ಬ. ಭಯ ಅಂತ ಒಬ್ಬರು, ಒಳಗೆ ದುಡ್ಡಿರಬೇಕು ಅಂತ ಒಬ್ಬರು. ಹತ್ತು ನಿಮಿಷ ಹೀಗೇ ಹೋಯಿತು. ಗೋಡೆ ಪಕ್ಕದ ಹುಡುಗ, ಆ ಚಾರ್ಜಿಂಗ್ ಪಾಯಿಂಟಿನವನು, ವೈರು ಸುತ್ತುತ್ತಾ ಅಲ್ಲಿಂದಲೇ ಹೇಳಿದ:

"ಅವನಿಗೆ ಓದೋಕೆ ಬರಲ್ಲ ಅನ್ಸುತ್ತೆ."

ಎಲ್ಲರೂ ತಿರುಗಿದರು. "ಎಲ್ಲಿದೆ ಹಾಗಂತ?"

"ಶುರುವಲ್ಲಿ ಬಸ್ಸು ಬರುತ್ತಲ್ಲ. ಇದು ಎಲ್ಲಿಗೆ ಹೋಗುತ್ತೆ ಅಂತ ಪಕ್ಕದವರನ್ನ ಕೇಳ್ತಾನೆ. ಬೋರ್ಡು ಮುಂದೇನೇ ಇತ್ತು."

ಪುಸ್ತಕದ ಒಂದೇ ಪ್ರತಿ ಇತ್ತು. ಅದು ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ಹೋಯಿತು. ಮೂರು ತಲೆ ಒಟ್ಟಿಗೆ ಅದರ ಮೇಲೆ ಬಾಗಿದವು. ಎರಡನೇ ಪುಟ. ಬೋರ್ಡು ಇತ್ತು. ಮುದುಕ ಕೇಳಿದ್ದೂ ಇತ್ತು. ಆ ಕಥೆಯನ್ನು ನಾನು ಮೊದಲೇ ಮೂರು ಸಲ ಓದಿದ್ದೆ. ಒಮ್ಮೆಯೂ ಕಂಡಿರಲಿಲ್ಲ. ಅವತ್ತು ಸಭೆ ಮುಗಿದದ್ದು ಆರು ಗಂಟೆಗೆ, ಅರ್ಧ ಗಂಟೆ ತಡವಾಗಿ. ಕಾವಲುಗಾರರು ಎರಡು ಸಲ ಬಂದು ಲೈಟು ಆರಿಸುವ ಹೆದರಿಕೆ ಹಾಕಿದರು.

ಕಳೆದುಕೊಂಡದ್ದು

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಮೊದಲಿನಿಂದ ಬಿಡದೆ ಬಂದಿದ್ದ ಇಬ್ಬರು, ಕ್ವಿಜ್‌ನಲ್ಲಿ ಕೈ ಎತ್ತಿದವರು, ಆರನೇ ಸಭೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ದೊಡ್ಡ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಬಿಡಿಸುವ ಸುಖ ಅವರಿಗೆ ತಪ್ಪಿತ್ತು. ಅವರ ದೂರು ಸರಿಯಾಗಿಯೇ ಇತ್ತು. ಎಂಟು ಪುಟದ ಕಥೆಯಲ್ಲಿ ಒಂದು ಪಾತ್ರದ ಜೊತೆ ಮೂರು ವಾರ ಬದುಕಲು ಆಗಲ್ಲ.

ಅದಕ್ಕೆ ಪಕ್ಕದಲ್ಲೇ ಒಂದು ಪುಟ್ಟ ಗುಂಪು ಮಾಡಿದೆವು. ಈ ಸಲ ಲೆಕ್ಕ ತಿರುಗಿಸಿದೆವು. ಎಷ್ಟು ಪ್ರತಿ ಇದೆಯೋ ಅಷ್ಟೇ ಜನ. ನಾಲ್ಕು ಪ್ರತಿ, ನಾಲ್ಕು ಮಕ್ಕಳು, ರಿನ್ಯೂ ಸೇರಿ 28 ದಿನ ಪೂರ್ತಿ ಅವರದ್ದೇ. ಪುಸ್ತಕದ ರಟ್ಟಿನ ಮೇಲೆ ಕ್ಲಬ್ಬಿನದು ಅಂತ ಚೀಟಿ ಅಂಟಿಸಿ ಕೌಂಟರಿನ ಹಿಂದೆ ಇಟ್ಟೆವು. ಮುಖ ಸಣ್ಣ ಮಾಡಿಕೊಂಡಿದ್ದ ಇಬ್ಬರಲ್ಲಿ ಒಬ್ಬಳು ಅದಕ್ಕೆ ಸೇರಿದಳು. ಇನ್ನೊಬ್ಬ ಬರುವುದು ಬಿಟ್ಟ. ಆಮೇಲೆ ರಸ್ತೆಯಲ್ಲಿ ಸಿಕ್ಕಾಗ ನಮಸ್ಕಾರ ಮಾಡಿದ, ಕಾರಣ ಹೇಳಲಿಲ್ಲ.

ಗಟ್ಟಿಯಾಗಿ ಓದುವುದನ್ನು ನಿಧಾನಕ್ಕೆ ಮಕ್ಕಳ ಕೈಗೆ ಕೊಟ್ಟೆ. ಒಂದು ಪುಟ ಓದಬಹುದು, ಬೇಡ ಅಂದರೆ "ಪಾಸ್" ಅಂದು ಮುಂದಿನವರಿಗೆ ದಾಟಿಸಬಹುದು. ಕಾರಣ ಕೇಳುವಂತಿಲ್ಲ. ಒಬ್ಬ ಹುಡುಗ ಮೂರು ಸಭೆ ಪಾಸ್ ಅಂದ. ನಾಲ್ಕನೆಯದರಲ್ಲಿ ಪುಸ್ತಕ ಇಟ್ಟುಕೊಂಡು ಬೆರಳಿಟ್ಟು ಓದಿದ, ತುಂಬಾ ನಿಧಾನ. ಯಾರೂ ಕೆಮ್ಮಲೂ ಇಲ್ಲ. ಆ ಪುಟ ಮುಗಿಯಲು ಆರು ನಿಮಿಷ ಹಿಡಿಯಿತು. ನನ್ನ ಸಮಯದ ಲೆಕ್ಕ ತಪ್ಪಿತು, ಪರವಾಗಿಲ್ಲ.

ಈಗಿನ ಸ್ಥಿತಿ

ಹಾಜರಿ 6ರಿಂದ 9ಕ್ಕೆ ಹೋಯಿತು, ಎರಡು ತಿಂಗಳು ಅಲ್ಲೇ ನಿಂತಿತು, ಒಮ್ಮೆ 11 ಆಯಿತು. 14 ಮತ್ತೆ ಆಗಿಲ್ಲ. ಕುರ್ಚಿ ಈಗ 10 ಹಾಕುತ್ತೇನೆ. ಜಾಸ್ತಿ ಬಂದರೆ ಅವರೇ ಎಳೆದುಕೊಂಡು ಬರುತ್ತಾರೆ. ಖಾಲಿ ಕುರ್ಚಿ ನೋಡಿಕೊಂಡು ಮಾತಾಡುವುದು ಯಾರಿಗೂ ಹಿತ ಅಲ್ಲ.

ಹೊಸದಾಗಿ ಕ್ಲಬ್ ಶುರು ಮಾಡುತ್ತೇವೆ ಅಂತ ಬೇರೆ ಲೈಬ್ರರಿಯವರು ಕೇಳಿದರೆ ಪುಸ್ತಕದ ಹೆಸರು ಕೇಳುವ ಮೊದಲು ನಾನು ಮೂರು ಅಂಕಿ ಕೇಳುತ್ತೇನೆ. ಎಷ್ಟು ಪ್ರತಿ, ಎಷ್ಟು ದಿನಕ್ಕೆ ಎರವಲು, ಸಭೆಗಳ ನಡುವೆ ಎಷ್ಟು ದಿನ. ಸಭೆಗಳ ನಡುವಿನ ದಿನವನ್ನು ಎರವಲಿನ ದಿನದಿಂದ ಭಾಗಿಸಿ, ಬಂದದ್ದನ್ನು ಪ್ರತಿಗಳಿಂದ ಗುಣಿಸಿ. ಅದರಲ್ಲೂ ಒಂದೆರಡು ಕಳೆಯಿರಿ, ತಡ ಮಾಡುವವರು ಇದ್ದೇ ಇರುತ್ತಾರೆ. ಆ ಉತ್ತರ, ಸಭೆಗೆ ಬರುವ ಮಕ್ಕಳ ಸಂಖ್ಯೆಗಿಂತ ಕಡಿಮೆ ಇದ್ದರೆ ಪೋಸ್ಟರ್ ಅಂಟಿಸಬೇಡಿ. ತಿಂಗಳ ವರದಿಯಲ್ಲಿ ಮೊಬೈಲಿನ ಸಾಲನ್ನು ಅಳಿಸಿ ಈ ಲೆಕ್ಕ ಬರೆದಾಗ ಮೇಲಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಓದಿದರೋ ಇಲ್ಲವೋ!

ಕಳೆದ ವಾರ ರ‍್ಯಾಕು ಜೋಡಿಸುವಾಗ ಮೊದಲ ತಿಂಗಳ ಆ ಕಾದಂಬರಿ ಮತ್ತೆ ಕಣ್ಣಿಗೆ ಬಿತ್ತು. ಮೂರೇ ಪ್ರತಿ ಇತ್ತು. ನಾಲ್ಕನೆಯದನ್ನು ಯಾರೋ ಒಯ್ದಿದ್ದಾರೆ. ಯಾರು ಅಂತ ನೋಡಲು ಹೋಗಲಿಲ್ಲ.